ಎರಡೂವರೆ ಟನ್ನಿನ ಲಾರಿ ಆರು ಟನ್ ತೂಗುವುದೇಕೆ? ಸೇನಾ ವಾಹನಗಳ ಇಂಚು–ಮಿಲಿಮೀಟರ್ ಗೊಂದಲ

ಅಮೆರಿಕದ ಸೇನೆಯಲ್ಲಿ ದಶಕಗಳ ಕಾಲ ದುಡಿದ ಎಂ-35 ಎಂಬ ಆರು ಚಕ್ರ ಚಾಲನೆಯ ಲಾರಿ ಕಾಗದದ ಮೇಲೆ ‘ಎರಡೂವರೆ ಟನ್’ ವಾಹನ. ಅದನ್ನು ಖಾಲಿಯಾಗಿಯೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿದರೆ ಸುಮಾರು 5,900 ಕಿಲೋ ತೋರಿಸುತ್ತದೆ. ಡಾಂಬರು ರಸ್ತೆಯಲ್ಲಿ ಅದು ಹೊರಬಹುದಾದ ಸರಕು 10,000 ಪೌಂಡ್, ಅಂದರೆ ನಾಲ್ಕೂವರೆ ಟನ್ನಿಗಿಂತ ತುಸು ಹೆಚ್ಚು. ಹಾಗಾದರೆ ಈ ಎರಡೂವರೆ ಯಾವ ಲೆಕ್ಕ?

ಯುದ್ಧದ ಸುದ್ದಿಯಲ್ಲಿ ‘ಐದು ಟನ್ ಟ್ರಕ್ಕುಗಳನ್ನು ಕಳಿಸಲಾಗಿದೆ’ ಎಂದು ಓದುವವರಿಗೆ ಇದು ಬರೀ ಕುತೂಹಲದ ಪ್ರಶ್ನೆ. ಮಿಲಿಟರಿ ಡಿಸ್ಪೋಸಲ್ ಹರಾಜಿನಲ್ಲಿ ಹಳೆಯ ವಾಹನ ಕೊಂಡು ರಿಪೇರಿಗೆ ಕೂತವರಿಗೆ ಮಾತ್ರ ಚಕ್ರ ಕಳಚಿ ಬೀಳುತ್ತದೋ ಇಲ್ಲವೋ ಎಂಬ ಮಟ್ಟದ್ದು. ಭಾರಿ ಸೇನಾ ಲಾರಿಯಲ್ಲಿ ಇಂಚು–ಪೌಂಡ್ ಪದ್ಧತಿ, ಮೆಟ್ರಿಕ್ ಪದ್ಧತಿ ಎರಡೂ ಒಟ್ಟಿಗೆ ಸಂಸಾರ ಮಾಡುತ್ತವೆ, ಕೆಲವೊಮ್ಮೆ ಒಂದೇ ಚಕ್ರದೊಳಗೆ. ಒಂದಕ್ಕೊಂದು ಸ್ವಲ್ಪವೂ ಹೊಂದದ ಭಾಗಗಳಿಂದ ತೊಂದರೆಯಿಲ್ಲ, ಅವು ಕೂರುವುದೇ ಇಲ್ಲ. ಹೆಚ್ಚುಕಡಿಮೆ ಹೊಂದಿಬಿಡುತ್ತವಲ್ಲ, ಅವೇ ಅಪಾಯ.

ಹೆಸರಿನ ಟನ್ನು ಲಾರಿಯ ತೂಕವಲ್ಲ

ಸೇನಾ ಲಾರಿಯ ಹೆಸರಿನಲ್ಲಿರುವ ಟನ್ನು, ರಸ್ತೆಯೇ ಇಲ್ಲದ ನೆಲದಲ್ಲಿ ಅದು ಹೊರಬಹುದಾದ ಸರಕಿನ ಲೆಕ್ಕ. ಹೊಲ, ಕೆಸರು, ಕಲ್ಲುಗುಡ್ಡದಲ್ಲಿ ಓಡುವಾಗ ಆಕ್ಸಲ್, ಸ್ಪ್ರಿಂಗ್, ಚಾಸಿಗೆ ಬೀಳುವ ಪೆಟ್ಟು ಹೆಚ್ಚು. ಅದಕ್ಕೆ ಸರಕನ್ನು ಇಳಿಸಲೇಬೇಕು. ಎಂ-35ರ ಡ್ಯಾಶ್‌ಬೋರ್ಡಿಗೆ ಹೊಡೆದಿರುವ ಲೋಹದ ಫಲಕದಲ್ಲಿ ಎರಡು ಸಾಲು ಬೇರೆಬೇರೆ ಕಾಣುತ್ತವೆ: ರಸ್ತೆಯಲ್ಲಿ 10,000 ಪೌಂಡ್, ರಸ್ತೆ ಬಿಟ್ಟು ಇಳಿದರೆ 5,000 ಪೌಂಡ್. ಈ 5,000 ಪೌಂಡೇ ಎರಡೂವರೆ ಟನ್. ಅಮೆರಿಕದ ಟನ್ನಿಗೆ 2,000 ಪೌಂಡ್ ತಾನೇ.

ನಮ್ಮ ಸೇನೆಯಲ್ಲೂ ಇದೇ ರೂಢಿ. ಅಶೋಕ್ ಲೇಲ್ಯಾಂಡಿನ ಸ್ಟ್ಯಾಲಿಯನ್ ಲಾರಿಯನ್ನು ‘5/7.5 ಟನ್’ ಎಂದು ಬರೆಯುವುದು ಅದಕ್ಕೇ. ಓರೆಗೆರೆಯ ಮೊದಲಿನದು ರಸ್ತೆಯಿಲ್ಲದ ಕಡೆಯ ಸರಕು, ನಂತರದ್ದು ರಸ್ತೆಯ ಸರಕು. ವ್ಯತ್ಯಾಸ ಇಷ್ಟೇ, ಇಲ್ಲಿ ಟನ್ ಅಂದರೆ 1,000 ಕಿಲೋ.

ಒಂದೇ ಹೆಸರು, ಮೂರು ತೂಕ

ಕನ್ನಡದಲ್ಲಿ ನಾವು ಟನ್ ಎಂದಷ್ಟೇ ಬರೆದು ಮುಗಿಸುವ ಅಳತೆ ಜಗತ್ತಿನಲ್ಲಿ ಮೂರು ಬಗೆಯಲ್ಲಿದೆ. ಅಮೆರಿಕದ ಶಾರ್ಟ್ ಟನ್ 2,000 ಪೌಂಡ್, ಅಂದರೆ 907 ಕಿಲೋ. ಬ್ರಿಟಿಷರ ಲಾಂಗ್ ಟನ್ 2,240 ಪೌಂಡ್, ಅಂದರೆ 1,016 ಕಿಲೋ. ಮೆಟ್ರಿಕ್ ಟನ್ 1,000 ಕಿಲೋ. ಲಾಂಗ್ ಟನ್ನಿಗೂ ಮೆಟ್ರಿಕ್ ಟನ್ನಿಗೂ ಶೇಕಡಾ 1.6ರಷ್ಟು ಅಂತರ. ಡ್ರೈವರ್, ಸಹಾಯಕ, ತುಂಬಿದ ಡೀಸೆಲ್ ಟ್ಯಾಂಕ್ ಸೇರಿದರೆ ಇದಕ್ಕಿಂತ ಹೆಚ್ಚು ಏರುಪೇರಾಗುತ್ತದೆ, ಅದನ್ನು ಮರೆತರೂ ನಡೆಯುತ್ತದೆ. ಶಾರ್ಟ್ ಟನ್ನಿನದು ಹಾಗಲ್ಲ, ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಕಡಿಮೆ.

ರಸ್ತೆಗೆ ತಕ್ಕಷ್ಟು ಸರಕು ತುಂಬಿದ ಎಂ-35 ಒಟ್ಟು 23,000 ಪೌಂಡ್ ತೂಗುತ್ತದೆ ಎಂದು ಹಿಡಿಯಿರಿ. ಅಮೆರಿಕದಲ್ಲಿ ಅದು 11.5 ಟನ್, ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 10.27 ಟನ್, ನಮ್ಮಲ್ಲಿ 10.43 ಟನ್. ಈಗ ‘ಗರಿಷ್ಠ 11 ಟನ್’ ಎಂಬ ಫಲಕವಿರುವ ಸೇತುವೆ ಎದುರಾಯಿತು. ಫಲಕ ಭಾರತದ್ದಾದರೆ ಲಾರಿ ದಾಟಬಹುದು. ಅಮೆರಿಕದ್ದಾದರೆ ಅರ್ಧ ಟನ್ ಹೆಚ್ಚಾಯಿತು, ನಿಲ್ಲಬೇಕು. ಅದೇ ಲಾರಿ, ಅದೇ ಸರಕು, ಅದೇ ಅಂಕಿ.

ಹಳದಿ ವೃತ್ತದ ಅಂಕಿ

ಸೇನಾ ಲಾರಿಗಳ ಮುಂಭಾಗದಲ್ಲಿ ಹಳದಿ ಬಣ್ಣದ ದುಂಡು ಬಿಲ್ಲೆಯ ಮೇಲೆ ಕಪ್ಪು ಅಂಕಿಯೊಂದನ್ನು ನೋಡಿರಬಹುದು. ಅದನ್ನು ಟನ್ ಎಂದು ಓದುವವರೇ ಹೆಚ್ಚು. ಅದು ತೂಕವಲ್ಲ, ವರ್ಗ. ಸೇತುವೆಗಳಿಗೂ ವಾಹನಗಳಿಗೂ ಒಂದೇ ಸರಣಿಯ ಅಂಕಿ ಕೊಟ್ಟು, ವಾಹನದ ಅಂಕಿ ಸೇತುವೆಯ ಅಂಕಿಗಿಂತ ಹೆಚ್ಚಿರಬಾರದು ಎಂಬ ಸರಳ ನಿಯಮ ಮಾಡಿಕೊಂಡಿದ್ದಾರೆ. ನ್ಯಾಟೋ ದೇಶಗಳಲ್ಲಿ ಇದಕ್ಕೆ ಮಿಲಿಟರಿ ಲೋಡ್ ಕ್ಲಾಸಿಫಿಕೇಷನ್ ಎನ್ನುತ್ತಾರೆ. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಜರ್ಮನಿಯ ಸೇತುವೆಗಳ ಪಕ್ಕದಲ್ಲಿ ಇಂಥ ಹಳದಿ ಫಲಕಗಳು ಸಾಮಾನ್ಯವಾಗಿದ್ದವು.

ವರ್ಗವೆಂದರೇನು ಎಂಬುದಕ್ಕೆ ಸೇತುವೆಯ ದೃಷ್ಟಿಯಿಂದ ಯೋಚಿಸಬೇಕು. ಸೇತುವೆಗೆ ಒಟ್ಟು ತೂಕವಷ್ಟೇ ಮುಖ್ಯವಲ್ಲ, ಆ ತೂಕ ಎಷ್ಟು ಉದ್ದಕ್ಕೆ ಹರಡಿದೆ ಎಂಬುದೂ ಮುಖ್ಯ. ಟ್ಯಾಂಕಿನ ಭಾರವೆಲ್ಲ ನಾಲ್ಕೈದು ಮೀಟರ್ ಉದ್ದದ ಸರಪಳಿಯ ಮೇಲೆ ನಿಲ್ಲುತ್ತದೆ. ಅಷ್ಟೇ ಭಾರದ ಲಾರಿ–ಟ್ರೇಲರ್‌ನಲ್ಲಿ ಅದು ಆಕ್ಸಲ್‌ಗಳ ನಡುವೆ ಹಂಚಿಹೋಗುತ್ತದೆ. ಹಾಗಾಗಿ ನ್ಯಾಟೋ ಲೆಕ್ಕದಲ್ಲಿ ಸರಪಳಿ ವಾಹನದ ಮಾದರಿಗೆ ವರ್ಗದ ಅಂಕಿಯೂ ಶಾರ್ಟ್ ಟನ್ ತೂಕವೂ ಒಂದೇ, ಗಾಲಿ ವಾಹನದ ಮಾದರಿಗೆ ಅದೇ ವರ್ಗದಲ್ಲಿ ತೂಕ ಇನ್ನೂ ಹೆಚ್ಚು.

ನಮ್ಮಲ್ಲಿ ಹೆದ್ದಾರಿ ಸೇತುವೆಗಳ ಕಾಗದಪತ್ರಗಳಲ್ಲಿ ಕಾಣುವ ‘70 ಆರ್’ ಇದರ ಬಂಧುವೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆಯ ಪ್ರಕಾರ 70 ಆರ್ ವರ್ಗದ ಸರಪಳಿ ವಾಹನ 70 ಟನ್, ಗಾಲಿ ವಾಹನ 100 ಟನ್. ಎಪ್ಪತ್ತು ಎಂದು ಬರೆದ ಕಡೆ ನೂರು ಟನ್ನಿನ ಟ್ರೇಲರ್ ಲೆಕ್ಕ ಹಾಕಿರುವುದನ್ನು ನೋಡಿ ತಪ್ಪಾಗಿದೆ ಎಂದುಕೊಳ್ಳುವವರಿದ್ದಾರೆ, ತಪ್ಪೇನಿಲ್ಲ.

ಬೆರಕೆ ಆದದ್ದು ಹೇಗೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪಡೆಗಳು ತಮ್ಮ ಲಾರಿಗಳ ಜೊತೆಗೆ ಅಮೆರಿಕದ ಲಾರಿಗಳನ್ನೂ ಓಡಿಸಿದವು. ಎರಡು ದೇಶದವರೂ ಇಂಚು ಬಳಸುವವರೇ, ಆದರೂ ಬೋಲ್ಟುಗಳು ಹೊಂದುತ್ತಿರಲಿಲ್ಲ. ಬ್ರಿಟಿಷರ ವಿಟ್‌ವರ್ತ್ ಥ್ರೆಡ್ಡಿನ, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಏಣಿನ ಕೋನ 55 ಡಿಗ್ರಿ, ಅಮೆರಿಕದ್ದು 60 ಡಿಗ್ರಿ. ಅರ್ಧ ಇಂಚಿನ ಬೋಲ್ಟಿನಲ್ಲಿ ಅವರದು ಇಂಚಿಗೆ 12 ಥ್ರೆಡ್, ಇವರದು 13. ಯುದ್ಧಕಾಲದಲ್ಲಿ ಇದರಿಂದ ಪಟ್ಟ ಪಾಡಿನ ಫಲವಾಗಿ 1948ರ ನವೆಂಬರ್ 18ರಂದು ಅಮೆರಿಕ, ಬ್ರಿಟನ್, ಕೆನಡಾ ಸೇರಿ ಏಕೀಕೃತ ಥ್ರೆಡ್ ಮಾನಕಕ್ಕೆ ಒಪ್ಪಿದವು. ಇವತ್ತು ಬೋಲ್ಟಿನ ಡಬ್ಬದ ಮೇಲೆ ಕಾಣುವ ಯು.ಎನ್.ಸಿ. ಎಂಬ ಒರಟು ಥ್ರೆಡ್, ಯು.ಎನ್.ಎಫ್. ಎಂಬ ನಯ ಥ್ರೆಡ್ ಎರಡೂ ಅಲ್ಲಿಂದ ಬಂದವು. 1959ರಲ್ಲಿ ಒಂದು ಇಂಚು ಅಂದರೆ ನಿಖರವಾಗಿ 25.4 ಮಿಲಿಮೀಟರ್ ಎಂದು ಇಂಗ್ಲಿಷ್ ಮಾತಿನ ದೇಶಗಳು ತೀರ್ಮಾನಿಸಿದವು.

ಭಾರತ ಬೇರೆ ದಾರಿ ಹಿಡಿಯಿತು. 1956ರ ಕಾಯ್ದೆಯಂತೆ 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಬಂದವು. ಅದೇ ಹೊತ್ತಿಗೆ ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್‌ಪುರದಲ್ಲಿ ಶಕ್ತಿಮಾನ್ ಲಾರಿ ತಯಾರಾಗತೊಡಗಿತು. ಅದು ಮೂಲದಿಂದಲೇ ಮೆಟ್ರಿಕ್. ನಂತರ ಬಂದ ನಿಸ್ಸಾನ್ ಕ್ಯಾರಿಯರ್, ಸೋವಿಯತ್ ಲಾರಿಗಳು, 1980ರ ದಶಕದಿಂದ ಬೆಂಗಳೂರಿನ ಬಿ.ಇ.ಎಂ.ಎಲ್. ಸೇನೆಗೆ ಒದಗಿಸಿದ ಝೆಕ್ ಮೂಲದ ಟಾಟ್ರಾ, ಎಲ್ಲವೂ ಮೆಟ್ರಿಕ್ ದೇಶಗಳವು. ಆದರೂ 30×40 ಸೈಟಿನ ಪತ್ರದಲ್ಲಿ ಚದರ ಮೀಟರ್ ಬರೆದ ಹಾಗೆ, ಈ ಲಾರಿಗಳಲ್ಲೂ ರಿಮ್ಮಿನ ಅಳತೆ ಇಂಚಿನಲ್ಲೇ ಉಳಿಯಿತು.

ಅಮೆರಿಕದ ಕಥೆಯೂ ನೇರವಾಗಿಲ್ಲ. ಅಲ್ಲಿನ ಸೇನೆಯ ನಕ್ಷೆಗಳು, ದೂರಗಳು ಕಿಲೋಮೀಟರಿನಲ್ಲಿ. ಹಳೆಯ ಲಾರಿಗಳ ಸ್ಪೀಡೋಮೀಟರ್ ಮೈಲಿಯಲ್ಲಿ. 1975ರ ಕಾಯ್ದೆ ಮೆಟ್ರಿಕ್ ಬದಲಾವಣೆಯನ್ನು ಐಚ್ಛಿಕ ಮಾಡಿತು, 1988ರಲ್ಲಿ ಅದನ್ನು ‘ಆದ್ಯತೆಯ ಪದ್ಧತಿ’ ಎಂದಿತು, ಅಷ್ಟೇ. ಈ ನಡುವೆ ಎಂ-35ರ ಬದಲಿಗೆ ಬಂದ ಎಫ್.ಎಂ.ಟಿ.ವಿ. ಸಾಲಿನ ಲಾರಿಗಳು ಆಸ್ಟ್ರಿಯಾದ ಸ್ಟೈಯರ್ 12ಎಂ18 ವಿನ್ಯಾಸವನ್ನು ಆಧರಿಸಿದವು, ತಯಾರಾದದ್ದು ಟೆಕ್ಸಾಸಿನಲ್ಲಿ. ಅಮೆರಿಕನ್ ಲಾರಿ ಅಂದಮೇಲೆ ಇಂಚಿನ ಸ್ಪ್ಯಾನರ್ ಸೆಟ್ ಸಾಕು ಎಂದುಕೊಂಡು ಹೋದವರಿಗೆ ಅಲ್ಲಿ ಮಿಲಿಮೀಟರ್ ಬೋಲ್ಟು ಸಿಗುತ್ತದೆ.

ಬೋಲ್ಟು: ಕೂರುತ್ತದೆ, ಹಿಡಿಯುವುದಿಲ್ಲ

ಎಲ್ಲಕ್ಕಿಂತ ಹೆಚ್ಚು ಹಾನಿ ಆಗುವುದು ಇಲ್ಲೇ. ಥ್ರೆಡ್ಡಿಗೆ ಎರಡು ಮುಖ್ಯ ಅಳತೆ: ಹೊರ ವ್ಯಾಸ, ಮತ್ತು ಒಂದು ಥ್ರೆಡ್ಡಿನ ತುದಿಯಿಂದ ಪಕ್ಕದ ಥ್ರೆಡ್ಡಿನ ತುದಿಗಿರುವ ದೂರ. ಈ ದೂರಕ್ಕೆ ಪಿಚ್ ಎನ್ನುತ್ತಾರೆ. ಮೆಟ್ರಿಕ್ ಬೋಲ್ಟಿನಲ್ಲಿ ಪಿಚ್ ಅನ್ನು ನೇರ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಎಂ12×1.75 ಅಂದರೆ 12 ಮಿ.ಮೀ. ವ್ಯಾಸ, 1.75 ಮಿ.ಮೀ. ಪಿಚ್. ಇಂಚಿನ ಬೋಲ್ಟಿನಲ್ಲಿ ಒಂದು ಇಂಚಿಗೆ ಎಷ್ಟು ಥ್ರೆಡ್ ಎಂದು ಎಣಿಸುತ್ತಾರೆ. 1/2-13 ಅಂದರೆ ಅರ್ಧ ಇಂಚು ವ್ಯಾಸ, ಇಂಚಿಗೆ 13 ಥ್ರೆಡ್. ಮಿಲಿಮೀಟರಿಗೆ ತಿರುಗಿಸಿದರೆ 12.7 ವ್ಯಾಸ, 1.95 ಪಿಚ್.

ಈಗ 12 ಮಿ.ಮೀ. ಬೋಲ್ಟನ್ನು ಅರ್ಧ ಇಂಚಿನ ನಟ್‌ನೊಳಗೆ ಹಾಕಿದರೆ, ವ್ಯಾಸ ಸಣ್ಣದಾದ್ದರಿಂದ ಸಲೀಸಾಗಿ ಹೋಗುತ್ತದೆ. ಪಿಚ್ ಬೇರೆಯಾದ್ದರಿಂದ ನಾಲ್ಕಾರು ಸುತ್ತಿನ ನಂತರ ಬಿಗಿಯಾದಂತೆ ಅನ್ನಿಸುತ್ತದೆ. ‘ಟೈಟ್ ಆಯ್ತು’ ಎಂದು ಬಿಡುತ್ತಾರೆ. ಅದು ಬಿಗಿಯಲ್ಲ, ಎರಡು ಥ್ರೆಡ್ಡುಗಳು ಒಂದನ್ನೊಂದು ಕಚ್ಚಿ ಸಿಕ್ಕಿಕೊಂಡದ್ದು. ಭಾರ ಬಿದ್ದಾಗ ಸ್ಲಿಪ್ ಆಗುತ್ತದೆ.

ಇದಕ್ಕಿಂತ ಮೋಸದ್ದು ನಯ ಥ್ರೆಡ್ಡಿನ ಜೋಡಿ. 1/2-20 ಯು.ಎನ್.ಎಫ್. ಬೋಲ್ಟಿನ ಪಿಚ್ 1.27 ಮಿ.ಮೀ. ಎಂ12×1.25 ಬೋಲ್ಟಿನ ಪಿಚ್ 1.25. ಅಂತರ ಕೂದಲಿನಷ್ಟೂ ಇಲ್ಲ. ಹಾಗಾಗಿ ಈ ಎಂ12 ಬೋಲ್ಟು ಅರ್ಧ ಇಂಚಿನ ನಟ್‌ನಲ್ಲಿ ಕೊನೆಯವರೆಗೂ ಬೆರಳಿನಲ್ಲೇ ತಿರುಗಿ ಹೋಗುತ್ತದೆ, ಎಲ್ಲೂ ಕಚ್ಚುವುದಿಲ್ಲ. ವ್ಯಾಸದಲ್ಲಿ 0.7 ಮಿ.ಮೀ. ಕೊರತೆ ಇರುವುದರಿಂದ ಥ್ರೆಡ್ಡಿನ ಆಳದ ಸುಮಾರು ಅರ್ಧ ಮಾತ್ರ ಒಂದರೊಳಗೊಂದು ಕೂತಿರುತ್ತದೆ. ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚ್ ಹಾಕಿದ ಕೂಡಲೇ ಕಿತ್ತುಬಂದರೆ ಪುಣ್ಯ. ಬಾರದೆ ಇದ್ದು ಮೂರು ತಿಂಗಳ ನಂತರ ಸ್ಟೀರಿಂಗ್ ಬ್ರಾಕೆಟ್ಟಿನಲ್ಲಿ ಬಂದರೆ ಕಷ್ಟ. ನಟ್ಟನ್ನು ಬೋಲ್ಟಿನ ಮೇಲೆ ಸ್ವಲ್ಪ ತಿರುಗಿಸಿ ಅಡ್ಡಡ್ಡ ಅಲ್ಲಾಡಿಸಿ ನೋಡಿ. ಸರಿಯಾದ ಜೋಡಿ ಬಹಳ ಕಡಿಮೆ ಆಡುತ್ತದೆ. ಗಲಗಲ ಅಂದರೆ ಅದು ಜೋಡಿಯಲ್ಲ.

ಗುರುತಿಸಲು ಥ್ರೆಡ್ ಗೇಜ್ ಇದ್ದರೆ ಅದೇ ಸರಿ. ಇಲ್ಲದಿದ್ದರೆ ಸ್ಕೇಲ್ ಇಟ್ಟು ಹತ್ತು ಥ್ರೆಡ್ಡಿನ ದೂರ ಅಳೆಯಿರಿ, ಒಂದೊಂದನ್ನೇ ಅಳೆದರೆ ಕಣ್ಣು ಮೋಸ ಮಾಡುತ್ತದೆ. ಎಂ12ರಲ್ಲಿ ಹತ್ತು ಪಿಚ್ಚಿಗೆ 17.5 ಮಿ.ಮೀ. ಬಂದರೆ ಅರ್ಧ ಇಂಚಿನ ಯು.ಎನ್.ಸಿ.ಯಲ್ಲಿ 19.5 ಬರುತ್ತದೆ. ಎಂ10ರಲ್ಲಿ 15, ಅದರ ಹತ್ತಿರದ 3/8-16ರಲ್ಲಿ 15.9. ಎಂ16ರಲ್ಲಿ 20, 5/8-11ರಲ್ಲಿ 23.1. ವ್ಯಾಸವನ್ನು ವರ್ನಿಯರ್‌ನಲ್ಲಿ ಬೇರೆಯಾಗಿ ನೋಡಲೇಬೇಕು, ನಯ ಥ್ರೆಡ್ಡಿನ ಕಳ್ಳ ಜೋಡಿ ಪಿಚ್ಚಿನಲ್ಲಿ ಸಿಕ್ಕಿಬೀಳುವುದಿಲ್ಲ.

ಬೋಲ್ಟಿನ ತಲೆಯೂ ಮಾತಾಡುತ್ತದೆ. ತಲೆಯ ಮೇಲೆ 8.8, 10.9, 12.9 ಎಂಬ ಅಂಕಿ ಇದ್ದರೆ ಮೆಟ್ರಿಕ್. ಗೆರೆಗಳಿದ್ದರೆ ಇಂಚು: ಮೂರು ಗೆರೆ ಗ್ರೇಡ್ 5, ಆರು ಗೆರೆ ಗ್ರೇಡ್ 8. ಗಟ್ಟಿತನದಲ್ಲಿ ಗ್ರೇಡ್ 5 ಸುಮಾರು 8.8ಕ್ಕೆ ಸಮ, ಗ್ರೇಡ್ 8 ಸುಮಾರು 10.9ಕ್ಕೆ. ಇಲ್ಲೊಂದು ಎಡವಟ್ಟು ಆಗುತ್ತದೆ: ‘ಗ್ರೇಡ್ 8’ ಎಂದು ಕೇಳಿದರೆ ಅಂಗಡಿಯವರು 8.8 ಕೊಡುತ್ತಾರೆ. ಗ್ರೇಡ್ 8ರ ಎಳೆತದ ಶಕ್ತಿ ಸುಮಾರು 1,034 ಮೆಗಾಪಾಸ್ಕಲ್, 8.8ರದು 800. ನಾಲ್ಕರಲ್ಲೊಂದು ಪಾಲು ಶಕ್ತಿ ಕೌಂಟರಿನಲ್ಲೇ ಹೋಯಿತು. ತಲೆಯ ಮೇಲೆ ಏನೂ ಇಲ್ಲದ ಬೋಲ್ಟನ್ನು ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್ ಹತ್ತಿರ ಬಿಡಬೇಡಿ.

ಸ್ಪ್ಯಾನರ್‌ಗಳ ವಿಷಯ ಅಷ್ಟು ಗಂಭೀರವಲ್ಲ, ಆದರೆ ಗೊತ್ತಿದ್ದರೆ ಹಣ ಉಳಿಯುತ್ತದೆ. 3/4 ಇಂಚು 19.05 ಮಿ.ಮೀ., 19ರ ಸ್ಪ್ಯಾನರ್ ಸಾಕು. 5/16ಕ್ಕೆ 8, 7/16ಕ್ಕೆ 11, 5/8ಕ್ಕೆ 16, 15/16ಕ್ಕೆ 24 ಚೆನ್ನಾಗಿಯೇ ಕೂರುತ್ತವೆ. ಅರ್ಧ ಇಂಚಿಗೆ 13 ಹಾಕಬೇಡಿ, 0.3 ಮಿ.ಮೀ. ಸಡಿಲ, ತುಕ್ಕು ಹಿಡಿದ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. 9/16ಕ್ಕೆ ಮಿಲಿಮೀಟರಿನಲ್ಲಿ ಜೋಡಿಯೇ ಇಲ್ಲ: 14 ಹೋಗದು, 15 ನಿಲ್ಲದು. ಹಳೆಯ ವಿಟ್‌ವರ್ತ್ ಸ್ಪ್ಯಾನರ್ ಸಿಕ್ಕರೆ ಇನ್ನೊಂದು ತಮಾಷೆ, ಅದರ ಮೇಲಿನ ಅಂಕಿ ಬಾಯಿಯ ಅಗಲವಲ್ಲ, ಬೋಲ್ಟಿನ ವ್ಯಾಸ. ‘1/2’ ಎಂದು ಬರೆದ ಸ್ಪ್ಯಾನರಿನ ಬಾಯಿ ಅರ್ಧ ಇಂಚಿಗಿಂತ ಬಹಳ ದೊಡ್ಡದು.

ಬೇರಿಂಗ್‌ಗಳಲ್ಲಿ ಇದೆಲ್ಲ ತಲೆಕೆಳಗು. ಅಮೆರಿಕನ್ ಯಂತ್ರಗಳಲ್ಲೂ ಬಾಲ್ ಬೇರಿಂಗ್ ಸಾಮಾನ್ಯವಾಗಿ ಮಿಲಿಮೀಟರ್ ಅಳತೆಯದು, ಯುರೋಪಿನ ಯಂತ್ರಗಳಲ್ಲೂ ಇಂಚಿನ ಟೇಪರ್ ರೋಲರ್ ಬೇರಿಂಗ್ ಎಷ್ಟೋ ಕಡೆ ಇದೆ. ಆದ್ದರಿಂದ ಅಳೆಯುತ್ತ ಕೂರಬೇಡಿ, ಬೇರಿಂಗಿನ ಮೇಲೆ ಕೆತ್ತಿದ ನಂಬರ್ ಬರೆದುಕೊಂಡು ಹೋಗಿ.

ಚಕ್ರದ ನಟ್ಟು ಮತ್ತು ಟಾರ್ಕ್

ಅಮೆರಿಕದ ಈಗಿನ ಭಾರಿ ಲಾರಿಯ ಹತ್ತು ಸ್ಟಡ್ಡಿನ ಚಕ್ರವನ್ನು ನೋಡಿ. ಸ್ಟಡ್ಡು ಅಂದರೆ ಚಕ್ರವನ್ನು ಸಿಕ್ಕಿಸಿ ನಟ್ಟು ಹಾಕುವ ಬೋಲ್ಟು. ರಿಮ್ಮಿನ ವ್ಯಾಸ ಇಂಚಿನಲ್ಲಿ. ಸ್ಟಡ್ಡುಗಳು ಕೂತ ವೃತ್ತದ ವ್ಯಾಸ 285.75 ಮಿ.ಮೀ. ಎಂದು ಬರೆದಿರುತ್ತದೆ, ಅದು 11¼ ಇಂಚಿನ ವೇಷ. ಸ್ಟಡ್ಡಿನ ಥ್ರೆಡ್ ಮಾತ್ರ ಅಪ್ಪಟ ಮೆಟ್ರಿಕ್, ಎಂ22×1.5, ನಟ್ಟಿಗೆ 33 ಮಿ.ಮೀ. ಸಾಕೆಟ್. ಯುರೋಪಿನ ಮತ್ತು ನಮ್ಮ ಹತ್ತು ಸ್ಟಡ್ಡಿನ ಲಾರಿಗಳಲ್ಲಿ ಆ ವೃತ್ತ 335 ಮಿ.ಮೀ. ಹಾಗಾಗಿ ಎರಡೂ 20 ಇಂಚಿನ ರಿಮ್ಮೇ ಆದರೂ ಒಂದರ ಚಕ್ರ ಇನ್ನೊಂದಕ್ಕೆ ಬಾರದು.

ಎಂ-35 ಹಳೆಯ ಪದ್ಧತಿಯದು. ಆರು ಸ್ಟಡ್ಡು, ವೃತ್ತ 8¾ ಇಂಚು. ಹಿಂದಿನ ಜೋಡಿ ಚಕ್ರಕ್ಕೆ ಎರಡೆರಡು ನಟ್ಟು: ಒಳಚಕ್ರ ಹಿಡಿಯುವ ಟೋಪಿ ನಟ್ಟಿನ ಚೌಕ ತಲೆಗೆ 13/16 ಇಂಚಿನ ಸಾಕೆಟ್, ಅದರ ಮೇಲೆ ಹೊರ ನಟ್ಟಿಗೆ 1½ ಇಂಚು. ಹೊರ ನಟ್ಟಿಗೆ 38 ಮಿ.ಮೀ. ಸಾಕೆಟ್ ಬಿಗಿಯಾಗಿ ಕೂರುತ್ತದೆ. ಮರೆಯಬಾರದ ಸಂಗತಿ ಬೇರೊಂದಿದೆ. ವಾಹನದ ಎಡಬದಿಯ ಸ್ಟಡ್ಡುಗಳು ಎಡ ಥ್ರೆಡ್ಡಿನವು, ತುದಿಯಲ್ಲಿ ‘ಎಲ್’ ಅಕ್ಷರ ಕೆತ್ತಿರುತ್ತದೆ. ಅಲ್ಲಿ ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಇದು ತಿಳಿಯದೆ ನಾಲ್ಕಡಿ ಪೈಪು ಸೇರಿಸಿ ಎಳೆದವರು ಸ್ಟಡ್ಡನ್ನೇ ಮುರಿಯುತ್ತಾರೆ.

ಎಷ್ಟು ಬಿಗಿ ಮಾಡಬೇಕು ಎಂಬುದಕ್ಕೆ ಮೂರು ಮಾನಗಳು ಚಾಲ್ತಿಯಲ್ಲಿವೆ. ಅಮೆರಿಕದ ಪುಸ್ತಕದಲ್ಲಿ ಪೌಂಡ್–ಅಡಿ, ಹೊಸ ಪುಸ್ತಕಗಳಲ್ಲಿ ನ್ಯೂಟನ್ ಮೀಟರ್, ನಮ್ಮ ಹಳೆಯ ವರ್ಕ್‌ಶಾಪ್ ಪುಸ್ತಕಗಳಲ್ಲಿ ಕಿಲೋ–ಮೀಟರ್, ಅಂದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಯಲ್ಲಿ ತೂಗುವ ಕಿಲೋ. ಎಂ22 ನಟ್ಟಿಗೆ ಅಮೆರಿಕದಲ್ಲಿ ಹೇಳುವ ಪ್ರಮಾಣ 450ರಿಂದ 500 ಪೌಂಡ್–ಅಡಿ. 470 ಪೌಂಡ್–ಅಡಿ, 637 ನ್ಯೂಟನ್ ಮೀಟರ್, 65 ಕಿಲೋ–ಮೀಟರ್ ಮೂರೂ ಒಂದೇ ಬಿಗಿ.

65ನ್ನೂ 637ನ್ನೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ, ಹತ್ತುಪಟ್ಟು ಅಂತರ ಕೈಗೇ ಗೊತ್ತಾಗುತ್ತದೆ. 470 ಮತ್ತು 637ರ ನಡುವೆ ಗೊತ್ತಾಗುವುದಿಲ್ಲ. ನ್ಯೂಟನ್ ಮೀಟರ್ ರೆಂಚಿನಲ್ಲಿ 470 ಇಟ್ಟರೆ ಬೇಕಾದ ಬಿಗಿಯ ಮುಕ್ಕಾಲು ಪಾಲೂ ಬರದು. ಕಡಿಮೆ ಬಿಗಿಯಾದ ಚಕ್ರ ಹಬ್ಬಿನ (ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗ) ಮೇಲೆ ಕಾಣದಷ್ಟು ಸೂಕ್ಷ್ಮವಾಗಿ ಜಾರುತ್ತದೆ, ಪ್ರತಿ ಸುತ್ತಿಗೂ ಸ್ಟಡ್ಡು ಬಾಗಿ ಸೆಟೆದು, ಕೊನೆಗೆ ದಣಿದು ಮುರಿಯುತ್ತದೆ. ನಟ್ಟಿನ ಸುತ್ತ ತುಕ್ಕಿನ ಬಣ್ಣದ ಗೆರೆಗಳು ಹೊರಗೆ ಹರಡಿರುವುದು ಇದರ ಮೊದಲ ಸೂಚನೆ. ತಿರುಗಾಮುರುಗಾ ಆದರೆ, ಅಂದರೆ ಪೌಂಡ್–ಅಡಿ ರೆಂಚಿನಲ್ಲಿ 637 ಇಟ್ಟರೆ, 860 ನ್ಯೂಟನ್ ಮೀಟರ್ ದಾಟುತ್ತದೆ. ಸ್ಟಡ್ಡು ಹಿಗ್ಗುತ್ತದೆ, ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ.

ಎಣ್ಣೆಯ ವಿಷಯದಲ್ಲೂ ಎರಡು ಪದ್ಧತಿ. ಹಬ್ಬಿನ ಮೇಲೆ ಕೂರುವ ಎಂ22 ಮಾದರಿಯಲ್ಲಿ ಥ್ರೆಡ್ಡಿಗೂ ನಟ್ಟು–ವಾಷರ್ ನಡುವಿಗೂ ಒಂದೆರಡು ಹನಿ ಎಣ್ಣೆ ಬೇಕು. ಎಂ-35ರಂಥ ಬುಡ ದುಂಡಗಿರುವ ನಟ್ಟಿಗೆ ಎಣ್ಣೆ ಮುಟ್ಟಿಸಬಾರದು. ಎರಡರಲ್ಲೂ ಚಕ್ರ ಹಾಕಿ 80ರಿಂದ 160 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಬೇಕು.

ಟೈರಿನ ಮೇಲಿನ ಅಂಕಿಗಳು

ಎಫ್.ಎಂ.ಟಿ.ವಿ. ಲಾರಿಯ ಟೈರಿನ ಮೇಲೆ 395/85 ಆರ್ 20 ಎಂದಿರುತ್ತದೆ. 395 ಟೈರಿನ ಅಗಲ, ಮಿಲಿಮೀಟರಿನಲ್ಲಿ. 85 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 85. ಕೊನೆಯ 20 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಟ್ಟು ಎತ್ತರ ತಿಳಿಯಲು 395ನ್ನು 0.85ರಿಂದ ಗುಣಿಸಿ, ಎರಡು ಗೋಡೆಗೆ ಎರಡರಷ್ಟು ಮಾಡಿ, ರಿಮ್ಮಿನ 508 ಮಿ.ಮೀ. ಕೂಡಿಸಿದರೆ 1,179 ಮಿ.ಮೀ. ಚಿಲ್ಲರೆ ಬರುತ್ತದೆ.

ಹಳೆಯ ಬರಹದಲ್ಲಿ ಎಲ್ಲವೂ ಇಂಚು. 14.00 ಆರ್ 20 ಅಂದರೆ 14 ಇಂಚು ಅಗಲ, 20 ಇಂಚು ರಿಮ್. ನಮ್ಮ ಲಾರಿಯವರು 9.00-20 ಟೈರನ್ನು ಚುಕ್ಕಿ ಬಿಟ್ಟು 900-20 ಎಂದು ಬರೆಯುತ್ತಾರೆ, ಅದು ಎಂ-35ರ ಟೈರಿನ ಅಳತೆಯೂ ಹೌದು. ಈ 900ನ್ನು ಮಿಲಿಮೀಟರ್ ಎಂದು ಓದಿದರೆ ಮುಕ್ಕಾಲು ಮೀಟರಿಗೂ ಅಗಲದ ಟೈರು ಕಲ್ಪಿಸಿಕೊಳ್ಳಬೇಕಾಗುತ್ತದೆ.

395/85ರ ಬದಲಿಗೆ 14.00 ಹಾಕುವವರಿದ್ದಾರೆ, ರಿಮ್ ಒಂದೇ ಅಲ್ಲವೇ ಎಂದು. 14.00ರ ಎತ್ತರ ಸುಮಾರು ಒಂದೂಕಾಲು ಮೀಟರ್. ಚಕ್ರ ಶೇಕಡಾ ಆರರಷ್ಟು ದೊಡ್ಡದಾದರೆ ಸ್ಪೀಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ, ಗೇರಿಂಗ್ ಅಷ್ಟೇ ಭಾರವಾಗುತ್ತದೆ. ನಾಲ್ಕು ಚಕ್ರ ಚಾಲನೆಯ ಲಾರಿಯಲ್ಲಿ ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ಹಾಕಿದರಂತೂ ಮುಂದಿನ ಹಿಂದಿನ ಆಕ್ಸಲ್‌ಗಳು ಪರಸ್ಪರ ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್, ಅಂದರೆ ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಹಾಳಾಗುತ್ತದೆ.

ಪಂಕ್ಚರ್ ಅಂಗಡಿಯಲ್ಲಿ ‘ನೂರು ಪೌಂಡ್ ಗಾಳಿ’ ಎನ್ನುವುದು ಪಿ.ಎಸ್.ಐ., ಅಂದರೆ ಒಂದು ಚದರ ಇಂಚಿನ ಮೇಲಿನ ಪೌಂಡ್ ಒತ್ತಡ. ಬ್ರೇಕ್ ಗೇಜಿನಲ್ಲಿ ‘ಏಳು ಕಿಲೋ’ ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲಿನ ಕಿಲೋ. ನೂರು ಪೌಂಡ್, ಏಳು ಕಿಲೋ, 6.9 ಬಾರ್, 690 ಕಿಲೋಪಾಸ್ಕಲ್ ಎಲ್ಲವೂ ಒಂದೇ. ಅಂಕಿಗಳು ಇಷ್ಟು ದೂರ ಇರುವುದರಿಂದ ಇಲ್ಲಿ ತಪ್ಪಾಗುವುದು ಅಪರೂಪ.

ಗಾಳಿ ಪೈಪಿನ ಜೋಡಣೆ

ಬ್ರೇಕಿನ ಗಾಳಿ ಪೈಪುಗಳಿಗೆ ಅಮೆರಿಕನ್ ಲಾರಿಯಲ್ಲಿ ಎನ್.ಪಿ.ಟಿ. ಎಂಬ ಮೊನಚು ಥ್ರೆಡ್. ನಮ್ಮ ಹಾರ್ಡ್‌ವೇರ್ ಅಂಗಡಿಯ ಪೈಪು ಸಾಮಾನೆಲ್ಲ ಬಿ.ಎಸ್.ಪಿ. ಎಂಬ ಬ್ರಿಟಿಷ್ ಥ್ರೆಡ್ಡಿನದು. ಕಾಲು ಇಂಚಿನ ಅಳತೆಯಲ್ಲಿ ಎನ್.ಪಿ.ಟಿ.ಗೆ ಇಂಚಿಗೆ 18 ಥ್ರೆಡ್, ಬಿ.ಎಸ್.ಪಿ.ಗೆ 19, ಎರಡು ಸುತ್ತಿಗೇ ಕಚ್ಚುತ್ತದೆ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಮಾತ್ರ ಎರಡಕ್ಕೂ 14. ಆದ್ದರಿಂದ ನಿಪ್ಪಲ್ ಎಂಬ ಜೋಡಣೆ ತುಂಡು ನಯವಾಗಿ ಹೋಗಿ ಕೂರುತ್ತದೆ. ಒಂದರ ಕೋನ 60 ಡಿಗ್ರಿ, ಇನ್ನೊಂದರದು 55, ನಡುವೆ ಸುರುಳಿಯಾಗಿ ಸಂದು ಉಳಿಯುತ್ತದೆ. ಟೆಫ್ಲಾನ್ ಟೇಪು ಸುತ್ತಿದರೆ ಸೋರಿಕೆ ಮುಚ್ಚಿಹೋಗುತ್ತದೆ, ಕೆಲವು ವಾರ. ಅಲುಗಾಟಕ್ಕೆ ಟೇಪು ಹರಿದ ಮೇಲೆ ಟ್ಯಾಂಕಿನ ಗಾಳಿ ನಿಧಾನಕ್ಕೆ ಇಳಿಯುತ್ತ ಹೋಗುತ್ತದೆ.

ತಳ್ಳಿ ಕೂರಿಸುವ ನೈಲಾನ್ ಪೈಪುಗಳಲ್ಲಿ 8 ಮಿ.ಮೀ. ಮತ್ತು 5/16 ಇಂಚು ಅದಲುಬದಲಾದರೂ ಸಾಮಾನ್ಯವಾಗಿ ತೊಂದರೆ ಇಲ್ಲ. ಅರ್ಧ ಇಂಚಿನ ಕನೆಕ್ಟರಿಗೆ 12 ಮಿ.ಮೀ. ಪೈಪು ತಳ್ಳಿದರೆ ಹಿಡಿದಂತೆ ಕಾಣುತ್ತದೆ, ಪೂರ್ಣ ಒತ್ತಡ ಬಂದಾಗ ಸಿಡಿದು ಹೊರಬರುತ್ತದೆ.

ಗ್ಯಾಲನ್, ಕ್ವಾರ್ಟ್

ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546. ಎಂ-35ರ 50 ಗ್ಯಾಲನ್ ಟ್ಯಾಂಕಿನಲ್ಲಿ ಇರುವುದು 189 ಲೀಟರ್. ಬ್ರಿಟಿಷ್ ಲೆಕ್ಕದಲ್ಲಿ ಓದಿದರೆ 227 ಲೀಟರ್ ಇದೆ ಎಂಬ ಭ್ರಮೆ ಬರುತ್ತದೆ. ಲೀಟರಿಗೆ ಮೂರೂವರೆ ಕಿ.ಮೀ. ಎಂದಿಟ್ಟುಕೊಂಡರೆ ಊರು ತಲುಪುವ 130 ಕಿ.ಮೀ. ಮೊದಲೇ ಲಾರಿ ನಿಲ್ಲುತ್ತದೆ. ಮೈಲೇಜಿನಲ್ಲೂ ಅಷ್ಟೇ: ಗ್ಯಾಲನ್ನಿಗೆ ಹತ್ತು ಮೈಲಿ ಅಂದರೆ ಅಮೆರಿಕದಲ್ಲಿ ಲೀಟರಿಗೆ 4.25 ಕಿ.ಮೀ., ಬ್ರಿಟನ್ನಿನಲ್ಲಿ 3.54. ಇಂಜಿನ್ ಆಯಿಲ್ ಅಳೆಯುವ ಕ್ವಾರ್ಟ್ 0.946 ಲೀಟರ್, ಅದನ್ನು ಲೀಟರ್ ಎಂದೇ ಹಾಕಿ ಡಿಪ್‌ಸ್ಟಿಕ್ ನೋಡಿಕೊಂಡರೆ ಸಾಕು. ಬ್ರಿಟಿಷ್ ಮತ್ತು ಮೆಟ್ರಿಕ್ ಹಾರ್ಸ್‌ಪವರ್ ನಡುವೆ ಶೇಕಡಾ ಒಂದೂವರೆಯ ಅಂತರ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎತ್ತರ: ಅಡಿಯ ಚುಕ್ಕಿ

12 ಅಡಿ 6 ಇಂಚು 3.81 ಮೀಟರ್. ಕ್ಯಾಲ್ಕುಲೇಟರಿನಲ್ಲಿ 12.6 ಅಡಿ ಎಂದು ಒತ್ತಿದರೆ 3.84 ಬರುತ್ತದೆ. 12 ಅಡಿ 11 ಇಂಚನ್ನು 12.11 ಎಂದು ಒತ್ತಿದರೆ 3.94 ಮೀಟರ್ ಬರಬೇಕಾದ ಕಡೆ 3.69 ಬರುತ್ತದೆ. ಅಡಿಗೆ 12 ಇಂಚು, ಹತ್ತಲ್ಲ. ಹಿಂಬದಿಯಲ್ಲಿ ಕಂಟೇನರ್ ಕೂರಿಸಿದ ಸೇನಾ ಲಾರಿಗೆ ರೈಲ್ವೆ ಸೇತುವೆಯ ಕೆಳಗೆ ತಗುಲಿಕೊಳ್ಳಲು ಇಷ್ಟು ವ್ಯತ್ಯಾಸ ಸಾಕು. ಬ್ರಿಟನ್ನಿನಲ್ಲಿ ಈಗ ಹೊಸದಾಗಿ ಹಾಕುವ ಎತ್ತರದ ಮಿತಿಯ ಫಲಕಗಳಲ್ಲಿ ಅಡಿ–ಇಂಚು ಮತ್ತು ಮೀಟರ್ ಎರಡೂ ಇರಬೇಕೆಂಬ ನಿಯಮವಿದೆ.

ಹಳೆಯ ಲಾರಿ ಕೈಗೆ ಬಂದಾಗ

ಮೊದಲು ಡ್ಯಾಶ್‌ಬೋರ್ಡಿನ ಲೋಹದ ಫಲಕ ಓದಿ. ತೂಕ ಪೌಂಡಿನಲ್ಲೋ ಕಿಲೋದಲ್ಲೋ, ಗೇಜುಗಳು ಫ್ಯಾರನ್‌ಹೀಟೋ ಸೆಲ್ಸಿಯಸ್ಸೋ ನೋಡಿ. ಎಂ-35ರಲ್ಲಿ ನೀರಿನ ಉಷ್ಣತೆ 180 ತೋರಿಸಿದರೆ ಗಾಬರಿ ಬೇಡ, ಅದು 82 ಡಿಗ್ರಿ ಸೆಲ್ಸಿಯಸ್. ಆದರೆ ಫಲಕ ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ಲಾರಿಯನ್ನು. ಆಮೇಲೆ ಎಷ್ಟು ವರ್ಕ್‌ಶಾಪ್ ಕಂಡಿದೆಯೋ, ಎಲ್ಲೆಲ್ಲಿ ಯಾರು ಕೈಗೆ ಸಿಕ್ಕ ಬೋಲ್ಟು ತುರುಕಿದ್ದಾರೋ ಅದು ಹೇಳದು. ಇಂಚಿನ ಲಾರಿಯಲ್ಲಿ ತಲೆಯ ಮೇಲೆ 8.8 ಎಂದಿರುವ ಬೋಲ್ಟು ಕಂಡರೆ ಅಲ್ಲಿ ಹಿಂದೆ ಯಾರೋ ಕೈ ಹಾಕಿದ್ದಾರೆ ಎಂದರ್ಥ.

ಅಂಥ ಬೋಲ್ಟನ್ನು ತೆಗೆದು ಸರಿಯಾದದ್ದು ಹಾಕಿದರೆ ಮುಗಿಯಲಿಲ್ಲ, ತೂತಿನೊಳಗಿನ ಥ್ರೆಡ್ ಆಗಲೇ ಹಾಳಾಗಿರುತ್ತದೆ. ತೂತಿನೊಳಗೆ ಥ್ರೆಡ್ ಕೊರೆಯುವ ಸರಿಯಾದ ಟ್ಯಾಪನ್ನು ಕೈಯಲ್ಲೇ ಒಮ್ಮೆ ಹಾಯಿಸಿ ನೋಡಿ. ಟ್ಯಾಪು ಸಡಿಲವಾಗಿ ಆಡಿದರೆ ಥ್ರೆಡ್ ಇನ್ಸರ್ಟ್ ಎಂಬ ಹೊಸ ಥ್ರೆಡ್ಡಿನ ಒಳತುಂಡು ಹಾಕಿಸಬೇಕು, ಅಥವಾ ಲೇತ್‌ನವರಲ್ಲಿ ಒಂದು ಅಳತೆ ದೊಡ್ಡದು ಮಾಡಿಸಬೇಕು. ಚಕ್ರದ ಸ್ಟಡ್ಡಿಗೆ ಈ ತೇಪೆ ಸಲ್ಲದು. ಒಂದು ಮುರಿದಿದ್ದರೆ ಅದರ ಎರಡೂ ಪಕ್ಕದ್ದನ್ನು ಸೇರಿಸಿ ಮೂರು ಬದಲಿಸಿ, ಎರಡೋ ಹೆಚ್ಚೋ ಮುರಿದಿದ್ದರೆ ಆ ಹಬ್ಬಿನ ಅಷ್ಟೂ ಸ್ಟಡ್ಡುಗಳನ್ನು ಬದಲಿಸಿ.